ಅಮ್ಮನನ್ನು ಊಟಕ್ಕೆ ಕರೆಯುವ ಮಾತು

ಪ್ರೀತಿಯ ತುಮಿನಿ,

ಅಮ್ಮ ಹೋದರು. ಫೋನಿನಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ನೋಡಿಕೊಳ್ಳಲು ನೀನು ಜಾವಾದಿಂದ ನಮ್ಮ ಹಾಂಗ್‌ಕಾಂಗ್ ಮನೆಗೆ ಬಂದಾಗ, ತರಬೇತಿಯಲ್ಲಿ ಉರು ಹೊಡೆದ ಕ್ಯಾಂಟನೀಸ್ ಮಾತೆಲ್ಲ ನೀನು ವಿಮಾನದಲ್ಲೇ ಮರೆತಿದ್ದೆ. ಅಮ್ಮನ ಪಾಠ ಅಡುಗೆಮನೆಯಲ್ಲೇ ಶುರುವಾಯಿತು. ಅಕ್ಕಿ ತೊಳೆಯುತ್ತ 'ತೊಳೆ', ಮೀನು ಹಬೆಗಿಡುತ್ತ 'ಬೇಯಿಸು', ಮೆಟ್ಟಿಲ ಬಳಿ 'ಕೈ ಹಿಡಿ'. "ಕೂತ್ಕೊಂಡು 'ನಿಲ್ಲು' ಅಂದ್ರೆ ತಲೆಗೆ ಹೋಗುತ್ತಾ ಹುಡುಗಿ? ಎದ್ದು ನಿಂತು ಹೇಳು," ಎಂದು ಗದರುತ್ತಿದ್ದರು. ನೀನು ಎದ್ದು ನಿಂತು ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚು. ನನ್ನ ಜೊತೆ ಅಮ್ಮ ಹಾಗೆ ನಕ್ಕದ್ದು ನೆನಪಿಲ್ಲ.

ಊಟ ಮಾಡಿ ಎನ್ನುವ 'ಸಿಕ್ ಫಾನ್' ಕಲಿಸಿದ್ದು ಕಡೆಗೆ. ಚಾಪ್‌ಸ್ಟಿಕ್ ಮುಟ್ಟುವ ಮೊದಲು ಚಿಕ್ಕವರು ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯಬೇಕು. ನಮ್ಮ ಮನೆಯಲ್ಲಿ ಅದು ಎಂದೋ ಬಿಟ್ಟುಹೋಗಿತ್ತು. ನಾವೆಲ್ಲ ಫೋನ್ ನೋಡುತ್ತ ತಿನ್ನುತ್ತಿದ್ದೆವು. ನೀನೊಬ್ಬಳು ಮೇಜಿನ ಪಕ್ಕ ನಿಂತು, "ಪೋಪೋ, ಸಿಕ್ ಫಾನ್" ಎಂದು ಅಮ್ಮನನ್ನು ರಾಗವಾಗಿ, ಅಜ್ಜಿ ಎಂದು ಕರೆಯುತ್ತಿದ್ದೆ. "ಹೊರಗಿನೋಳಿಗೆ ಗೊತ್ತಾಗುತ್ತೆ, ಹೊಟ್ಟೇಲಿ ಹುಟ್ಟಿದೋರಿಗೆ ಬಾಯಿಲ್ಲ," ಎಂದು ನಮ್ಮನ್ನು ಚುಚ್ಚಿ ಅಮ್ಮ ಬಟ್ಟಲು ಎತ್ತಿಕೊಳ್ಳುತ್ತಿದ್ದರು.

ನಿನ್ನಮ್ಮ ಹಾಸಿಗೆ ಹಿಡಿದರೆಂದು ನೀನು ಊರಿಗೆ ಹೋದೆ. ನಿನ್ನ ತಪ್ಪೇನೂ ಇಲ್ಲ. ಅಷ್ಟರಲ್ಲಿ ಅಮ್ಮನಿಗೆ ಮರೆವು ಹೆಚ್ಚಾಗಿತ್ತು. ಗಂಜಿ ಮುಂದಿಟ್ಟರೆ ಕೈ ಮಡಿಲಲ್ಲೇ. ನಾನು ಕರೆದೆ, ಅಣ್ಣ ಕರೆದ. ನಿನ್ನ ರಾಗ ಎಳೆದೂ ನೋಡಿದೆ. ಅವರು ಅಡುಗೆಮನೆ ಕಡೆ ನೋಡಿ, "ಆ ಹುಡುಗಿ ಇನ್ನೂ ಕರ್ದಿಲ್ವಲ್ಲ. ಕಾಯೋಣ," ಎಂದರು. ಫೋನಿನಲ್ಲಿ ನಿನ್ನಿಂದಲೇ ಕರೆಸಿದಾಗ, "ಅಲ್ಲೆಲ್ಲೋ ನಿಂತು ಕರೆಯೋದೇನು, ಇಲ್ಲಿಗೆ ಬರ್ಲಿ," ಎಂದು ಮುಖ ತಿರುಗಿಸಿದರು. ಆಮೇಲೆ ನಿನಗೆ ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ. ದಿನದಿಂದ ದಿನಕ್ಕೆ ಸೊರಗಿ, ಆಸ್ಪತ್ರೆ ಸೇರಿ, ಹಸಿದೇ ಹೋದರು. ಹೆತ್ತ ಮಗಳು ಚಮಚ ಹಿಡಿದು ಎದುರಿಗೇ ಕೂತಿದ್ದೆ. ಈ ಸಂಕಟವನ್ನು ನಿನ್ನ ಬಿಟ್ಟು ಯಾರ ಹತ್ತಿರ ಹೇಳಿಕೊಳ್ಳಲಿ?

ಬರುವ ಭಾನುವಾರ ಅವರಿಗೆ ವಾರ ವಾರ ಮಾಡುವ ಕರ್ಮದಲ್ಲಿ ಕಡೆಯದು, ಏಳನೆಯದು. ಪಟದ ಮುಂದೆ ಅನ್ನ, ಮೀನು ಇಟ್ಟು, ಊದುಕಡ್ಡಿ ಹಚ್ಚಿ ಊಟಕ್ಕೆ ಕರೆಯಬೇಕು. ಅದು ನನ್ನ ಪಾಲಿಗೆ ಬಂದಿದೆ. ನಾನು ಕರೆದರೆ ಅವರು ಬರುವುದಿಲ್ಲ, ನನಗೆ ಗೊತ್ತು. ನಿಮ್ಮ ಧರ್ಮದಲ್ಲಿ ಸತ್ತವರಿಗೆ ಎಡೆ ಇಡುವುದಿಲ್ಲ. ಇದನ್ನು ಪೂಜೆ ಎಂದುಕೊಳ್ಳಬೇಡ. ಅಂದು ಸಂಜೆ ನಿಮ್ಮ ಅಂಗಳದಲ್ಲಿ ನಿಂತು ಒಂದು ಸಲ ಅಮ್ಮನನ್ನು ಕರೆ. ಕರೆದ ಮೇಲೆ ನನಗೊಂದು ಮೆಸೇಜ್ ಹಾಕು. ಅಲ್ಲಿಯವರೆಗೆ ನಾವ್ಯಾರೂ ಬಟ್ಟಲು ಮುಟ್ಟುವುದಿಲ್ಲ.

ನಿನ್ನಮ್ಮ ನಿನ್ನ ಕೈಯಿಂದ ಹೊಟ್ಟೆ ತುಂಬ ಉಣ್ಣಲಿ.

ನಿನ್ನ,
ಲೈಕ್ವಾನ್ ಅಕ್ಕ