ಪುಟ ನಲವತ್ತೊಂದರ ಅಡಿಟಿಪ್ಪಣಿ

ಏಪ್ರಿಲ್ ೨೭, ಸೋಮವಾರ
ಬಾಯ್ಲರ್ ಮನೆ

ಮುದ್ದಿನ ಕೋರಾ,

ನಿನ್ನೆ ಊಟಕ್ಕೆ ಕೂತಾಗ ನೀನಾಡಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. ಮೂವತ್ತು ಸಾವಿರ ಮಕ್ಕಳು ಓದುವ ನಮ್ಮ ವಿಶ್ವವಿದ್ಯಾಲಯಕ್ಕೆ ಸೇರುತ್ತೀಯಂತೆ. ಅದರೊಳಗೇ ಇರುವ, ಆಯ್ದ ಕೆಲವೇ ಮಕ್ಕಳ ಆನರ್ಸ್ ಕಾಲೇಜು ತಾನಾಗಿ ಕರೆದರೂ ಅದು ಮಾತ್ರ ಬೇಡವಂತೆ. "ಅಲ್ಲಿ ಒಂದು ಮೇಜಿಗೆ ಹನ್ನೆರಡೇ ಜನ, ಅತ್ತೆ. ನಂಗೇನೂ ಬರಲ್ಲ ಅಂತ ಎರಡೇ ದಿನಕ್ಕೆ ಗೊತ್ತಾಗಿಬಿಡುತ್ತೆ. ದೊಡ್ಡ ಕ್ಲಾಸಲ್ಲಾದ್ರೆ ಹಿಂದಿನ ಸಾಲಲ್ಲಿ ಬಚ್ಚಿಟ್ಕೋಬಹುದು," ಎಂದೆ. ನಿಮ್ಮಪ್ಪ ಆಲೂಗಡ್ಡೆ ಬಡಿಸಿಕೊಳ್ಳುತ್ತ, "ಹೋಂವರ್ಕ್ ಜಾಸ್ತಿ ಕೊಡೋದಕ್ಕೆ ಆನರ್ಸು, ಗೌರವ ಅಂತ ಹೆಸರಿಟ್ಟಿದಾರೆ, ಬಿಡು," ಎಂದು ನಕ್ಕ. ನಾನೂ ನಕ್ಕೆ. ನಗಬಾರದಿತ್ತು.

ಶುಕ್ರವಾರ ಸಂಜೆಯೊಳಗೆ ನೀನು ಆ ಕಾಲೇಜಿಗೆ ಉತ್ತರ ಕಳಿಸಬೇಕು. ಅದಕ್ಕೇ ನಿಮ್ಮಪ್ಪನಿಗೂ ಹೇಳದ ಸಂಗತಿಯೊಂದನ್ನು ಬರೆಯುತ್ತಿದ್ದೇನೆ.

ನಾನು ಇಲ್ಲಿ ಹಬೆ ಪೈಪುಗಳ ಕೆಲಸಕ್ಕೆ ಸೇರಿದ ಮೇಲಿನ ಮೂರನೇ ಚಳಿಗಾಲ. ಆ ಕಾಲೇಜಿನ ಹಳೇ ಕಟ್ಟಡದಲ್ಲಿ, ಕೋಣೆಯನ್ನು ಹಬೆಯಿಂದ ಬೆಚ್ಚಗಿಡುವ ರೇಡಿಯೇಟರೊಂದು ಸುತ್ತಿಗೆ ಬಡಿದ ಹಾಗೆ ಸದ್ದು ಮಾಡುತ್ತಿತ್ತು. ಪಾಠ ನಡೆಯುತ್ತಿದ್ದಾಗಲೇ ಹೋಗಬೇಕಾಯಿತು. ಒಂದು ಮೇಜು, ಸುತ್ತ ಹನ್ನೆರಡು ಮಕ್ಕಳು, ಹಾಲ್ವರ್ಸನ್ ಎಂಬ ಮುದುಕಿ ಮೇಡಂ. ಬೆಕ್ಕಿನ ಹಾಗೆ ಗೋಡೆ ಸವರಿಕೊಂಡು ಹೋಗಿ, ರೇಡಿಯೇಟರಿನ ಕಾಲಡಿ ಮರದ ಚಕ್ಕೆ ಇಟ್ಟು ಕೊಂಚ ಓರೆ ಮಾಡಿದೆ. ಸದ್ದು ನಿಂತಿತು.

ಮೇಡಂ ಕುರ್ಚಿ ಎಳೆದು, "ಕೂತ್ಕೊಳ್ಳಿ. ಏನ್ ಮಾಡಿದ್ರಿ, ನಮಗೂ ಹೇಳಿ," ಎಂದರು. ನನ್ನ ಪ್ಯಾಂಟಿಗೆಲ್ಲ ಗ್ರೀಸು. ಕೂತೆ. ಹೋಗುವ ಹಬೆಗೂ ಮರಳುವ ನೀರಿಗೂ ಒಂದೇ ಪೈಪು, ಇಳಿಜಾರು ತಪ್ಪಿದರೆ ನೀರು ನಿಂತು ಎರಡೂ ಡಿಕ್ಕಿ ಹೊಡೆಯುತ್ತವೆ ಎಂದೆ. ಆಗ ಪ್ರೂಯಿಟ್ ಎಂಬ ಹುಡುಗ ಕೇಳಿದ: "ಅಷ್ಟು ಮೆತ್ತಗಿನ ಹಬೆಗೆ ಅಷ್ಟು ದೊಡ್ಡ ಸದ್ದು ಎಲ್ಲಿಂದ ಬರುತ್ತೆ?"

ಕೋರಾ, ಹದಿಮೂರು ಜನ ನನ್ನ ಮುಖವನ್ನೇ ನೋಡುತ್ತ ಕಾದರು. ಯಾರೂ ಗಡಿಯಾರ ನೋಡಲಿಲ್ಲ. ನನ್ನ ಮಾತಿಗೆ ಅಲ್ಲಿಯವರೆಗೆ ಯಾರೂ ಹಾಗೆ ಕಾದವರಿಲ್ಲ, ನಮ್ಮಮ್ಮ ಕೂಡ. ಕೊನೆಗೆ, "ಸದ್ದು ನಿಲ್ಲಿಸೋಕೆ ನಂಗೆ ಬರುತ್ತೆ. ಅಷ್ಟು ದೊಡ್ಡದಾಗಿ ಯಾಕಾಗುತ್ತೋ ನಂಗೊತ್ತಿಲ್ಲ," ಎಂದೆ. ನಾಚಿಕೆಯಾಗಿ ಎದ್ದು ಹೊರಡಲು ನೋಡಿದೆ.

ಯಾರೂ ನಗಲಿಲ್ಲ. ಮೇಡಂ ಎದ್ದು ಹಲಗೆಯ ಮೇಲಿದ್ದುದನ್ನೆಲ್ಲ ಒರೆಸಿದರು. "ನಂಗೂ ಗೊತ್ತಿಲ್ಲ. ಇವತ್ತಿನ ಪಾಠ ಇಲ್ಲಿಂದ ಶುರು," ಎಂದರು. ಆ ಕ್ಷಣ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅಲ್ಲಿನ ಮಕ್ಕಳು ಓದು ಮುಗಿಸುವ ಮುನ್ನ ಒಂದು ಪ್ರಬಂಧ ಬರೆಯಬೇಕು, ಅದು ಗ್ರಂಥಾಲಯ ಸೇರುತ್ತದೆ, ನಿನಗೆ ಗೊತ್ತಲ್ಲ. ಮೂರು ವರ್ಷದ ಮೇಲೆ ಪ್ರೂಯಿಟ್ ತನ್ನದರ ಒಂದು ಪ್ರತಿಯನ್ನು ಬಾಯ್ಲರ್ ಮನೆಗೇ ತಂದುಕೊಟ್ಟ. ಹಬೆಯ ಸದ್ದಿನ ಮೇಲೆ ಎಂಬತ್ತು ಪುಟ. ಲೆಕ್ಕವೊಂದೂ ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಉಪಕರಣಗಳ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೆ. ಬಚ್ಚಿಟ್ಟುಕೊಳ್ಳುವುದು ನಮ್ಮ ವಂಶದ ರೋಗವೇ ಇರಬೇಕು.

ಅದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಪುಟ ನಲವತ್ತೊಂದು ತೆಗೆ, ಕೆಳಗಿನ ಸಣ್ಣಕ್ಷರ ಓದು: "ಪೈಪ್ ಕೆಲಸದ ಡೋರೀನ್ ಸ್ಟಾಕ್‌ವೆಲ್ ಅವರು ತಮಗೆ ಇದು ಗೊತ್ತಿಲ್ಲ ಎಂದರು. ಈ ಪ್ರಬಂಧ ಹುಟ್ಟಿದ್ದು ಆ ಮಾತಿನಿಂದ."

ನನಗೆ ಗೊತ್ತಿದ್ದ ಯಾವುದನ್ನೂ ಯಾರೂ ಬರೆದಿಡಲಿಲ್ಲ, ಮಗಳೇ. ಗ್ರಂಥಾಲಯದಲ್ಲಿ ಉಳಿದಿರುವುದು ನನ್ನ 'ಗೊತ್ತಿಲ್ಲ' ಒಂದೇ.

ನಿನ್ನ 'ಗೊತ್ತಿಲ್ಲ'ಕ್ಕೂ ಹಲಗೆ ಒರೆಸುವವರು ಸಿಗಲಿ.

ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರುವ ನಿನ್ನ ಅತ್ತೆ,
ಡೋರೀನ್