ಉಪ್ಪುನೀರಿಗೆ ಎಂಥ ಪರಿಹಾರ?

ಪರದೆಯ ಮೇಲೆ ಆಸೀನರಾಗಿರುವ ಗುಂಡಿಗಳೇ, ಎಳೆದತ್ತ ಬರುವ ಬಾಣಗಳೇ, ಉತ್ತರ ತಪ್ಪಿದೊಡನೆ ಗೊಳ್ಳೆಂದು ನಗುವ ಬೊಂಬೆ ಮಹಾಶಯರೇ, ಹಾಗೂ ಈ ಸಮಸ್ತ ಸಭೆಯನ್ನು ಶಾಲೆಗಳಿಗೆ ದಯಪಾಲಿಸಿದ ಆನ್‌ಲೈನ್ ಪಾಠಗಳ ಮೌಲ್ಯಮಾಪನ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ವಿಭಾಗ ‘ಅತ್ಯುತ್ತಮ’ ಎಂದು ಮುದ್ರೆಯೊತ್ತಿದ ವಿಜ್ಞಾನ ಪಾಠವೊಂದು, ಸರಿಯುತ್ತರ ಬರೆದ ತಪ್ಪಿಗಾಗಿ ಹತ್ತನೇ ತರಗತಿಯ ನನ್ನ ಮಗಳನ್ನು ಹನ್ನೊಂದು ಸಲ ನಪಾಸು ಮಾಡಿದೆ. ಉಪ್ಪನ್ನು ನೀರಿನಲ್ಲಿ ಕರಗಿಸಿದರೆ ಸಿಗುವುದೇನು ಎಂಬುದು ಪ್ರಶ್ನೆ. ‘ಉಪ್ಪಿನ ದ್ರಾವಣ’ ಎಂದು ಬರೆದಳು. ಕೆಂಪು ಗುರುತು, ಬೊಂಬೆಯ ನಗು. ಮೂರು ಸಲ ತಪ್ಪಿದ ಮೇಲೆ ನಿಮ್ಮ ಪಾಠವೇ ಕನಿಕರಪಟ್ಟು ಉತ್ತರ ತೋರಿಸಿತು: ‘ಉಪ್ಪಿನ ಪರಿಹಾರ’. ಹೀಗೆಯೇ ಬರೆದು ಮುಂದುವರಿಯಿರಿ! ಅವಳು ಮತ್ತೆಂಟು ಸಲ ‘ದ್ರಾವಣ’ ಎಂದೇ ಬರೆದಳು.

ಇಂಗ್ಲಿಷಿನಲ್ಲಿ ಎರಡಕ್ಕೂ ‘ಸೊಲ್ಯೂಷನ್’ ಎಂಬ ಒಂದೇ ಪದವಂತೆ. ಗಣಿತದ ಸಮೀಕರಣಕ್ಕೆ ಹುಡುಕಿಟ್ಟಿದ್ದ ಕನ್ನಡ ಪದವನ್ನು ನಿಮ್ಮ ಅನುವಾದ ಯಂತ್ರ ಲೋಟದ ನೀರಿಗೂ ಸುರಿದಿದೆ. ಸಮೀಕರಣಕ್ಕೆ ಪರಿಹಾರ ಬೇಕು, ಒಪ್ಪಿದೆ. ಉಪ್ಪುನೀರಿಗೆ ಯಾವ ಸಂಕಟ ಒದಗಿತ್ತು, ಸ್ವಾಮೀ? ಗಣಿತದಲ್ಲಾದರೂ ಸುಖವಿದೆಯೇ ಎಂದರೆ, ‘ಎರಡರ ಘಾತ ಮೂರು’ ಎನ್ನಬೇಕಾದಲ್ಲಿ ‘ಪವರ್’ ಎಂಬುದನ್ನು ಹಿಡಿದು ‘ಎರಡರ ಅಧಿಕಾರ ಮೂರು’ ಎಂದಿದೆ. ಅಂಕಿಗಳಿಗೂ ಅಧಿಕಾರ ಹಂಚಿದ ನಿಮ್ಮ ಔದಾರ್ಯ ದೊಡ್ಡದು.

ಈ ಪಾಠ ಮುಗಿಸದವರಿಗೆ ಮುಂದಿನ ಪಾಠ ತೆರೆಯುವುದಿಲ್ಲ. ಎಲ್ಲ ಪಾಠ ಮುಗಿಸದವರ ಹೆಸರು, ಬರುವ ಸೋಮವಾರ ಅಂತಿಮಗೊಳ್ಳುವ, ಮುಂದಿನ ವರ್ಷದ ವಿಜ್ಞಾನ ವಿಭಾಗದ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ನಾನು, ಹೆತ್ತ ತಂದೆ, ಏನು ಹೇಳಿದೆ ಗೊತ್ತೇ?

“ಬರೆದುಬಿಡು ಮಗಾ. ಅದೇನು ಕೇಳುತ್ತೋ ಅದನ್ನ ಕೊಟ್ಟು ಮುಂದೆ ಹೋಗು.”

“ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಬರೀಲಾ? ನಾಳೆ ಪರೀಕ್ಷೇಲಿ ಇದನ್ನೇ ಬರೆದ್ರೆ ಸೊನ್ನೆ ಕೊಡ್ತಾರಲ್ಲಪ್ಪಾ?”

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳಮ್ಮ ಒಳಗಿನಿಂದಲೇ ಕೂಗಿದಳು: “ಹಾಗಾದ್ರೆ ನಾನೂ ನಾಳೆಯಿಂದ, ಕಣ್ಣಿಗೆ ಎರಡು ಹನಿ ಪರಿಹಾರ ಹಾಕ್ಕೊಳ್ಳಿ ಅಂತೀನಿ ಬಿಡಿ!”

ಮಗಳು ನಗಲಿಲ್ಲ. “ಇದನ್ನ ಶಾಲೆಗೆ ಕಳಿಸೋ ಮುಂಚೆ ಯಾರೂ ನೋಡ್ಲೇ ಇಲ್ವಾ ಅಪ್ಪಾ?” ಎಂದಳು.

ನೋಡಿದ್ದಾರೆ. ಮರುದಿನ ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿ ಕಡತ ತೆಗೆದು ನನ್ನೆದುರು ತಿರುಗಿಸಿದರು. “ಏಳನೇ ಮೌಲ್ಯಮಾಪಕರು ಅತ್ಯುತ್ತಮ ಅಂತ ಬರೆದಿದ್ದಾರಲ್ಲ ಸಾರ್, ನಾನೇನು ಮಾಡ್ಲಿ? ಸಹಿ ಯಾರದೋ ಏನೋ. ಎರೆಹುಳ ಶಾಯೀಲಿ ಬಿದ್ದು ಎದ್ದು ಓಡಿದ ಹಾಗಿದೆ.”

ಆ ನಮೂನೆಯಲ್ಲಿ ಹನ್ನೆರಡು ಪ್ರಶ್ನೆಗಳು. ಬಣ್ಣ ಕಣ್ಣಿಗೆ ಹಿತವೇ? ಗುಂಡಿ ಒತ್ತಿದರೆ ಸದ್ದು ಬರುತ್ತದೆಯೇ? ಬೊಂಬೆ ಮಕ್ಕಳಿಗೆ ಮೆಚ್ಚುಗೆಯಾದೀತೇ? ಪಾಠದಲ್ಲಿ ಹೇಳಿರುವುದು ನಿಜವೇ ಎಂಬ ಹದಿಮೂರನೆಯದು ಮಾತ್ರ ಇಲ್ಲ. ಆರಿಸಿಕೊಳ್ಳಲು ಮೂರು ಚೌಕಗಳು: ಅತ್ಯುತ್ತಮ, ಉತ್ತಮ, ಸಾಕಷ್ಟು ಉತ್ತಮ. ಕೆಟ್ಟದ್ದು ಎನ್ನಲು ಜಾಗವೇ ಇಲ್ಲ! ಗುಂಡಿಗೆ ಗೌರವ, ಗಣಿತಕ್ಕೆ ರೌರವ; ಪರದೆಗೆ ಪೂಜೆ, ಪಾಠಕ್ಕೆ ರಜೆ.

ಇನ್ನು ಆ ಏಳನೆಯ ಮಹಾನುಭಾವ. ಒಂದೇ ಮಧ್ಯಾಹ್ನ ನಲವತ್ತು ಪಾಠಗಳನ್ನು ಮುಗಿಸಿದವನು. ಪಾಠಕ್ಕೆ ಐದು ನಿಮಿಷ, ಅದರಲ್ಲಿ ಬೊಂಬೆ ಕೈಬೀಸಿ ಸ್ವಾಗತಿಸುವುದಕ್ಕೇ ಒಂದು. ಹತ್ತು ಪಾಠಗಳಾದ ಮೇಲೆ ತೆರೆಯುವ ಗೋಜಿಗೂ ಹೋಗದೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಆರಿದ ಚಹಾ ಹೀರುತ್ತ ಮೊದಲ ಚೌಕಕ್ಕೇ ಗುರುತು ಹಾಕುತ್ತ ಹೋದ. ‘ಉತ್ತಮ’ ಎಂದರೆ ಕಾರಣ ಬರೆಯಬೇಕಿತ್ತು. ‘ಅತ್ಯುತ್ತಮ’ಕ್ಕೆ ಕಾರಣ ಬೇಕಿರಲಿಲ್ಲ. ಇವನು ದ್ರಾವಣ ಎಂಬ ಪದವನ್ನು ಜನ್ಮದಲ್ಲಿ ಕೇಳಿರಲಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಆ ಪಾಠವನ್ನು ಹಿಂತೆಗೆದುಕೊಳ್ಳಿ. ‘ದ್ರಾವಣ’ ಎಂದು ಬರೆದ ಪ್ರತಿ ಮಗುವನ್ನೂ ಪಾಸು ಮಾಡಿ ಪಟ್ಟಿಗೆ ಸೇರಿಸಿ. ಹದಿಮೂರನೇ ಪ್ರಶ್ನೆಯನ್ನು ಅಚ್ಚು ಹಾಕಿಸಿ. ಏಳನೆಯವನು ಒಪ್ಪಿದ ನಲವತ್ತೂ ಪಾಠಗಳನ್ನು ಓದಬಲ್ಲ ಯಾರಿಂದಾದರೂ ಓದಿಸಿ. ಸಹಿ ರದ್ದುಪಡಿಸಲು ಸಹಿದಾರನ ಒಪ್ಪಿಗೆ ಬೇಕೆಂದು ನಿಮ್ಮ ಕಚೇರಿ ತಗಾದೆ ತೆಗೆಯಬಹುದು.

ಒಪ್ಪಿಗೆ ಇದೆ. ಆ ಎರೆಹುಳ ನನ್ನದು.

ಇಂತಿ,
ಇಪ್ಪತ್ತು ವರ್ಷಗಳಿಂದ ಇನ್ನೊಂದು ಶಾಲೆಯಲ್ಲಿ ದ್ರಾವಣದ ಪಾಠ ಮಾಡುತ್ತಿರುವ ಮೇಷ್ಟ್ರು. ಮಗಳ ಪ್ರಶ್ನೆಗೆ ಇನ್ನೂ ಬಾಯಿಬಿಟ್ಟು ಉತ್ತರಿಸದ ಅಪ್ಪ