ದೋಣಿ ದಾಟಿಸುವ ಸರದಿ

ಕನ್ನಡಕದಂಗಡಿಯ ಹಿಂದಿನ ಕೋಣೆ,
ಜೂನ್ ೧೨, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಮೊಬೈಲ್ ರಿಪೇರಿ ಅಂಗಡಿಯ ಸ್ಟೂಲಿನ ಮೇಲೇ ಬ್ರೆಡ್ಡು ಕಚ್ಚಿಕೊಂಡು ದಿನ ದೂಡುತ್ತೀಯೋ? ನಾವು ಚೆನ್ನಾಗಿದ್ದೇವೆ. ಅಪ್ಪನ ಹೊಲಿಗೆ ಯಂತ್ರ ಎಂದಿನಂತೆ ಗೊಣಗುತ್ತದೆ. ಅಪ್ಪನೂ ಗೊಣಗುತ್ತಾರೆ, ಆದರೆ ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ.

ನಿನ್ನ ಆಹ್ವಾನ ಬಂತು. ನಾನು ನಿನ್ನ ತಂಡ ಸೇರಬೇಕಂತೆ, ಲೋಕವೆಲ್ಲ ಆ ಗುಂಡು ಹಾರಿಸುವ ಆಟವನ್ನೇ ಆಡುತ್ತಿದೆಯಂತೆ. ಲೋಕ ಹಳ್ಳಕ್ಕೆ ಬಿದ್ದರೆ ನಾನೂ ಬೀಳಬೇಕೇನೋ? ಆದರೂ ನ್ಯಾಯವಾಗಿ ಅರ್ಧ ಗಂಟೆ ಆಡಿ ನೋಡಿದೆ. ಕೋಪ ಬರಲಿಲ್ಲ, ಆಕಳಿಕೆ ಬಂತು. ಜಿಗಿ, ಓಡು, ಹೊಡಿ, ಸಾಯಿ, ಮತ್ತೆ ಜಿಗಿ. ಒಂದು ಪಾಳುಮನೆಯಲ್ಲಿ ಚೆಂದದ ಅಡುಗೆಮನೆ ಇತ್ತು. ಒಲೆ, ನಾಲ್ಕು ಕುರ್ಚಿ. ಇಲ್ಲಿ ಯಾರಿದ್ದರೋ ಎಂದು ನೋಡುತ್ತ ನಿಂತೆ. ಯಾವನೋ ಬೆನ್ನಿಗೆ ಹೊಡೆದ, ಸಾಲದ್ದಕ್ಕೆ ನನ್ನ ವಂಶವನ್ನೇ ಬೈದ. ಇದಕ್ಕಾಗಿಯೇ ನೀನು ಹೆಡ್‌ಫೋನ್ ಸಿಕ್ಕಿಸಿಕೊಂಡು ಮನೆಯನ್ನು ಸಂತೆ ಮಾಡಿದ್ದು? ಅಪ್ಪ ಪಂದ್ಯದ ನಡುವೆ ಪ್ಲಗ್ ಕಿತ್ತು "ಆ ಡಬ್ಬ ಈ ಮನೇಲಿ ಇರ್ಬಾರ್ದು" ಎಂದರೆಂದು ಡಬ್ಬವನ್ನು ಟೀವಿ ಪಕ್ಕವೇ ಬಿಟ್ಟು ಚೀಲ ಹೆಗಲಿಗೇರಿಸಿ ಹೊರಟೆಯಲ್ಲ, ಗೆದ್ದಿದ್ದರೆ ಏನು ಸಿಗುತ್ತಿತ್ತು? ಬಂದೂಕಿಗೆ ನೇರಳೆ ಬಣ್ಣ! ಆ ಬಣ್ಣಕ್ಕಾಗಿ ಎಂಟು ತಿಂಗಳಿಂದ ಅಪ್ಪ ಮಗನಿಗೆ ಮಾತಿಲ್ಲ.

ನನಗೆ ನಮ್ಮ ದೋಣಿಯಾಟವೇ ಸಾಕು. ಅಜ್ಜಿಯರ ಆಟ ಎಂದು ಮೂಗು ಮುರಿದೆಯಲ್ಲ, ಹೌದು ಕಣೋ. ಒಂದು ಹೊಳೆ, ಒಂದು ದೋಣಿ, ದಾಟಿಸಲು ಮೇಕೆ, ಮೂಟೆ, ಒಬ್ಬ ಸಿಡುಕು ಮುದುಕಿ. ಯಾರೂ ಸಾಯುವುದಿಲ್ಲ. ತಡವಾದರೆ ಮುದುಕಿ ಮುಖ ತಿರುಗಿಸುತ್ತಾಳೆ, ಅಷ್ಟೇ ಶಿಕ್ಷೆ. ಒಂದು ದಿನ ನಾನು ಆಚೆ ದಡಕ್ಕೆ, ಮರುದಿನ ನೀನು ಈಚೆ ದಡಕ್ಕೆ. ದೋಣಿ ಕಟ್ಟುವಾಗ ಅದರ ಮೂತಿ ಹೊಳೆಯತ್ತ ತಿರುಗಿಸಿರಬೇಕು, ಮುಂದಿನವರಿಗೆ ಸಲೀಸಾಗಲಿ ಎಂದು. ನೀನು ಹೋದ ಮೇಲೂ ಅಲ್ಲಿಂದಲೇ ಮೊಬೈಲಿನಲ್ಲಿ ಕದ್ದು ಆಡುತ್ತಿರುವುದು ನನಗೆ ಗೊತ್ತು. ನಿನ್ನ ಸರದಿಯ ದಿನ ದೋಣಿ ತಪ್ಪದೆ ಈಚೆಗೆ ಬಂದಿರುತ್ತದೆ. ಅದಕ್ಕೇ ನಿನ್ನನ್ನು ಅರ್ಧ ಕ್ಷಮಿಸಿದ್ದೇನೆ. ಆದರೆ ಮೂತಿ ಯಾವಾಗಲೂ ದಡಕ್ಕೇ! ಬಂದೂಕು ಹಿಡಿದು ಹಿಡಿದು ದೋಣಿ ಕಟ್ಟುವುದೂ ಮರೆತುಹೋಯಿತೇ?

ಕೆಮ್ಮಿಗೆ ಬಿಸಿನೀರು ಕುಡಿ. ತಲೆಗೊಂದು ಸವರು, ಬೆನ್ನಿಗೊಂದು ಗುದ್ದು.

ನಿನ್ನ
ಅಕ್ಕ

ತಾ.ಕ.: ಅಂಚೆಚೀಟಿಗೆಂದು ಈಗ ಮನೆಗೆ ಬಂದೆ. ಟೀವಿ ಮುಂದೆ ಅಪ್ಪ ಕೂತಿದ್ದರು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ನಿನ್ನ ಕಂಟ್ರೋಲರ್. ಮುದುಕಿಯನ್ನು ಈಚೆ ದಡಕ್ಕೆ ಇಳಿಸುತ್ತಿದ್ದರು. ನನ್ನನ್ನು ಕಂಡು ಕಳ್ಳನಂತೆ ಬೆಚ್ಚಿ, "ಅವನ ಸರದಿ ತಪ್ಪಿಹೋಗ್ಬಾರ್ದು ಅಂತ, ಅಷ್ಟೇ" ಎಂದರು. ಎಂಟು ತಿಂಗಳಿಂದಲೂ ಅವರೇ ಕಣೋ! ನನಗೆ ಅಳು ಬಂತು. ನಿನಗೆ ಕೊಟ್ಟ ಅರ್ಧ ಕ್ಷಮೆ ವಾಪಸು. ನಾಳೆ ನನ್ನ ಸರದಿ, ಭಾನುವಾರ ನಿನ್ನದು. ಬಂದುಬಿಡು. ಅವರಿಗೆ ದೋಣಿ ತಿರುಗಿಸಲು ಬರುವುದಿಲ್ಲ, ನಾನು ಕಲಿಸುವುದೂ ಇಲ್ಲ.